ಮೊದಲು ಬಿದ್ದ ಗೋಲಿ

ಹತಾನೊ ತನ್ನ ದೊಡ್ಡ ಚೀಲದಿಂದ ಹೊಸ ಕ್ಯಾಮೆರಾದ ಒಂದು ಪೆಟ್ಟಿಗೆ ತೆಗೆದು ನಮ್ಮ ಅಂಗಡಿಯ ಕೌಂಟರಿನ ಮೇಲಿಟ್ಟ. ಆಮೇಲೆ ಚೀಲದ ಜಿಪ್ ಎಳೆದುಬಿಟ್ಟ. ತೊಯೊಕೊ ಅತ್ತೆ ಪೆಟ್ಟಿಗೆಯನ್ನು ನೋಡಲಿಲ್ಲ, ಚೀಲವನ್ನೇ ನೋಡುತ್ತ ನಿಂತಳು.

"ಉಳಿದದ್ದು ಕಾರಲ್ಲಿದೆಯಾ?"

"ಇಷ್ಟೇ, ಮಿಜುಶಿಮಾ ಸಾನ್," ಅತ್ತೆಯನ್ನು ಅವನು ಮನೆತನದ ಹೆಸರಿಗೆ ಗೌರವದ ‘ಸಾನ್’ ಸೇರಿಸಿ ಕರೆದ.

"ಆರು ಅಂದಿದ್ರಿ."

"ಹಂಚಿಕೆ ಮೇಲಿಂದ ಬರುತ್ತೆ. ನನ್ನ ಕೈಲಿ ಏನಿಲ್ಲ."

"ಮೇಲಿಂದ ಅಂದ್ರೆ ಏನು, ಮಳೆನಾ? ಸ್ಟೇಷನ್ ಎದುರಿನ ಎಂಟು ಮಹಡಿ ಅಂಗಡಿ ಮೇಲೆ ಧೋ ಅಂತ ಸುರಿಯುತ್ತೆ, ನಮಗೆ ಮಾತ್ರ ಒಂದು ಹನಿ. ನಮ್ಮ ಅಂಗಡಿಬೀದಿಗೆ ಉದ್ದಕ್ಕೂ ಸೂರು ಹಾಕಿಸಿದ್ದೇ ತಪ್ಪಾಯ್ತೋ ಏನೋ."

ಅತ್ತೆಯ ಸಿಟ್ಟಿಗೆ ಕಾರಣವಿತ್ತು. ಹತಾನೊ ಒಂದು ಕ್ಯಾಮೆರಾ ಕಂಪನಿಯ ಮಾರಾಟ ಪ್ರತಿನಿಧಿ. ಕಳೆದ ಶರತ್ಕಾಲದಲ್ಲಿ ಯಾರಿಗೂ ಬೇಡವಾದ ಒಂದಷ್ಟು ಲೆನ್ಸುಗಳನ್ನು ತಂದು, "ಇವನ್ನ ಖಾಲಿ ಮಾಡಿಕೊಡಿ, ಹೊಸ ಕ್ಯಾಮೆರಾ ಬಂದಾಗ ನಿಮ್ಮನ್ನ ಮರೀತೀವಾ?" ಎಂದಿದ್ದ. ಅತ್ತೆ ಬಾಯಿ ಸವೆಸಿ ಅಷ್ಟನ್ನೂ ಮಾರಿದ್ದಳು. ಪಕ್ಕದ ತೋಫು ಅಂಗಡಿಯವನಿಗೂ ಒಂದನ್ನು ಅಂಟಿಸಿದ್ದಳು. ಅವನು ಅದನ್ನು ಗಾಳಿಗೆ ಬಾಗಿಲು ಬಡಿಯದಂತೆ ಒತ್ತಾಗಿ ಇಡುತ್ತಾನೆ.

"ಇನ್ನೊಂದು ವಿಷಯ," ಹತಾನೊ ಟೈ ಸರಿಮಾಡಿಕೊಂಡ. "ಹೆಸರು ಕೊಟ್ಟ ಸಾಲಿನಂತೆ ಕೊಡೋ ಹಾಗಿಲ್ಲ. ಲಾಟರಿ ಎತ್ತಬೇಕು, ನಾನು ಎದುರಿಗಿರಬೇಕು. ಕೆಲವು ಅಂಗಡಿಯವರು ಮೊದಲನೇ ಹೆಸರು ಅಂತ ತಮ್ಮ ಭಾವಂದು ಬರೆದು, ಮಾರನೇ ದಿನ ಇಂಟರ್ನೆಟ್ಟಲ್ಲಿ ಎರಡರಷ್ಟಕ್ಕೆ ಮಾರ್ತಿದ್ದಾರೆ."

"ನನಗೆ ಭಾವನೇ ಇಲ್ಲ. ನಾನು ಇಸೊಗಾಯ್ ಸಾನ್‌ಗೆ ಮಾತು ಕೊಟ್ಟಿದ್ದೀನಿ."

"ನಿಯಮ ಎಲ್ಲರಿಗೂ ಒಂದೇ. ಪಾಲಿಸದಿದ್ರೆ ಮುಂದಿನ ಹಂಚಿಕೇಲಿ ನಿಮ್ಮ ಅಂಗಡಿ ಇರಲ್ಲ. ಭಾನುವಾರ ಬರ್ತೀನಿ."

ಅವನು ಹೋದ ಮೇಲೆ ಅತ್ತೆ ಬಾಗಿಲಿಗೆ ಉಪ್ಪು ಎರಚಿದಳು, ಅಪಶಕುನ ತೊಲಗಲಿ ಎಂದು. ಅರ್ಧ ಉಪ್ಪು ನನ್ನ ತಲೆಯ ಮೇಲೆ ಬಿತ್ತು. "ಅಲ್ಲೇನು ಕನಸು ಕಾಣ್ತಾ ನಿಂತಿದ್ದೀಯ ಚಿಗುಸಾ? ಒರೆಸು."

ಇಸೊಗಾಯ್ ಸಾನ್ ಉಕ್ಕಿನ ಕಾರ್ಖಾನೆಯಲ್ಲಿ ಕ್ರೇನ್ ಓಡಿಸುತ್ತಿದ್ದವರು. ನಿವೃತ್ತರಾದ ಮೇಲೆ ಅವರ ಲೋಕವೆಂದರೆ ಉದ್ಯಾನದ ಕೊಳ, ಆ ಕೊಳದ ಮಿಂಚುಳ್ಳಿ. ಗೇಣುದ್ದದ ಆ ನೀಲಿ ಹಕ್ಕಿಗಾಗಿ ದಡದಲ್ಲಿ ಪ್ರತಿದಿನ ತೋಳುದ್ದದ ಲೆನ್ಸುಗಳ ಸಾಲು ನಿಲ್ಲುತ್ತದೆ. ಜಾಗಕ್ಕಾಗಿ ನಡೆದ ಜಗಳಗಳಿಂದ ಬೇಸತ್ತು ಉದ್ಯಾನದವರು ಮುಕ್ಕಾಲಿ ತರಬಾರದೆಂದು ಫಲಕ ಹಾಕಿದ್ದಾರೆ. ಕೈಯಲ್ಲಿ ಹಿಡಿದೇ ತೆಗೆಯಬೇಕು.

ಚಳಿಗಾಲದಲ್ಲಿ ಅವರು ಒಂದೊಂದಾಗಿ ಮೂರು ಲೆನ್ಸುಗಳನ್ನು ತಂದು ಕೌಂಟರಿನ ಮೇಲೆ ಕುಕ್ಕಿದರು. "ಕಸ ಮಾರ್ತೀರಾ? ಎಲ್ಲಾ ಕಲಸಿಹೋಗಿದೆ!" ಚಿತ್ರಗಳಲ್ಲಿ ಹಕ್ಕಿಯಿರಲಿಲ್ಲ, ನೀರಿಗೆ ಬಿದ್ದ ನೀಲಿಶಾಯಿಯಂಥ ಗೆರೆಯೊಂದಿತ್ತು. ಅತ್ತೆ ಒಂದು ಲೆನ್ಸನ್ನು ಅವರದೇ ಕ್ಯಾಮೆರಾಗೆ ತೊಡಿಸಿ, ಅಲುಗದಂತೆ ಅಕ್ಕಿಚೀಲದ ಮೇಲಿಟ್ಟು, ಎದುರಿನ ಔಷಧಿ ಅಂಗಡಿಯ ಬೋರ್ಡಿನತ್ತ ಗುಂಡಿ ಒತ್ತಿದಳು. ಅಕ್ಷರಗಳು ಸೂಜಿಯ ಮೊನೆಯಷ್ಟು ಸ್ಪಷ್ಟವಾಗಿ ಬಂದವು. "ಲೆನ್ಸ್ ಚೆನ್ನಾಗಿದೆ," ಎಂದಳು. ಅಷ್ಟೇ. ಇಸೊಗಾಯ್ ಸಾನ್ ಬಲಗೈಯನ್ನು ಕೋಟಿನ ಜೇಬಿಗೆ ತುರುಕಿಕೊಂಡರು. ಜೇಬಿನೊಳಗೂ ಅದು ಸುಮ್ಮನಿರಲಿಲ್ಲ.

ಹೊಸ ಕ್ಯಾಮೆರಾದ ಸುದ್ದಿ ಬಂದದ್ದು ಆಗಲೇ. ಕೈ ಎಷ್ಟು ನಡುಗಿದರೂ ಅದು ತನ್ನ ಒಳಗಿನ ಕಣ್ಣನ್ನು ಕದಲದಂತೆ ಹಿಡಿದುಕೊಳ್ಳುತ್ತದಂತೆ. ಮಾರನೆಯ ದಿನ ಅಂಗಡಿ ತೆರೆಯುವ ಮೊದಲೇ ಇಸೊಗಾಯ್ ಸಾನ್ ಶಟರ್ ಬಡಿಯುತ್ತಿದ್ದರು. ಮೊದಲು ಬಂದದ್ದು ನಿಮಗೇ ಎಂದು ಅತ್ತೆ ಮಾತು ಕೊಟ್ಟಳು. ಕೈಯ ಸಂಗತಿ ಅತ್ತೆಗೂ ನನಗೂ ಬಿಟ್ಟು ಯಾರಿಗೂ ತಿಳಿದಿರಲಿಲ್ಲ.

ಭಾನುವಾರ ಅತ್ತೆ ಅಟ್ಟದಿಂದ ‘ಗರಗರ’ವನ್ನು ಇಳಿಸಿದಳು. ವರ್ಷಾಂತ್ಯದ ಬಹುಮಾನಗಳಿಗೆ ಇಡೀ ಬೀದಿ ಬಳಸುವ, ಎಂಟು ಮೂಲೆಯ ಮರದ ಡೋಲು ಅದು. ಪಕ್ಕದ ಹಿಡಿ ತಿರುಗಿಸಿದರೆ ಒಳಗಿನ ಗೋಲಿಗಳು ಗರಗರ ಎಂದು ಉರುಳಿ, ಸಣ್ಣ ತೂತಿನಿಂದ ಒಂದು ಗೋಲಿ ತಟ್ಟೆಗೆ ಬೀಳುತ್ತದೆ. ಆ ಸದ್ದೇ ಅದರ ಹೆಸರು. ಚಿಕ್ಕಂದಿನಲ್ಲಿ ನನಗೆ ಅದರೊಳಗೆ ಬಿದಿರಕಾಡಿದೆ, ಮಳೆ ಹುಯ್ಯುತ್ತಿದೆ ಅನ್ನಿಸುತ್ತಿತ್ತು. ಈಗಲೂ ಅನ್ನಿಸುತ್ತದೆ. ಹೆಸರು ಕೊಟ್ಟವರು ಎಷ್ಟೋ ಅಷ್ಟು ಗೋಲಿ ಹಾಕಿದೆವು. ಒಂದು ಚಿನ್ನದ ಬಣ್ಣದ್ದು, ಉಳಿದವು ಬಿಳಿ.

"ಮೆಲ್ಲಗೆ ತಿರುಗಿಸಿ," ಅತ್ತೆ ಕೂಗಿ ಹೇಳಿದಳು. "ಜಗ್ಗಿದ್ರೆ ಎರಡು ಉದುರುತ್ತೆ. ಎರಡು ಉದುರಿದ್ರೆ ಮೊದಲು ಬಿದ್ದದ್ದು ನಿಮ್ಮದು, ಎರಡನೇದು ನಿಮ್ಮ ಹಿಂದೆ ನಿಂತವರದು. ನಮ್ಮ ಬೀದೀಲಿ ಯಾವಾಗಲೂ ಹೀಗೇ. ಆಮೇಲೆ ಯಾರೂ ಗಂಟಲು ಹರ್ಕೋಬೇಡಿ."

ಹತಾನೊ ತಲೆಯಾಡಿಸಿದ. ನಾನು ತಟ್ಟೆಯ ಪಕ್ಕದಲ್ಲಿ ನಿಂತೆ.

ಇಸೊಗಾಯ್ ಸಾನ್ ಹಿಂದೆಯೇ ಕುವಾಬಾತಾ ಸಾನ್ ಇದ್ದರು. ಮಕ್ಕಳಿಗೆ ಈಜು ಕಲಿಸುತ್ತಿದ್ದ ಹೆಂಗಸು, ಈಗಲೂ ಮಾತಾಡಿದರೆ ಕೊಳದ ಆಚೆ ದಡಕ್ಕೆ ಕೇಳಬೇಕು. ಮಿಂಚುಳ್ಳಿಯ ಸಾಲಿನಲ್ಲಿ ಇಬ್ಬರೂ ಅಕ್ಕಪಕ್ಕದವರು, ಆ ಕಾರಣಕ್ಕೇ ಹಗೆಗಳು.

"ಮೊಣಕೈ ಮನೇಲಿ ಬಿಟ್ಟು ಬಂದ್ರಾ, ಇಸೊಗಾಯ್ ಸಾನ್? ಅಥವಾ ಇಲ್ಲೂ ತಿವೀತೀರಾ?"

"ಮುಚ್ಚು ಬಾಯಿ, ಕಪ್ಪೆ ಟೀಚರ್. ನೀನು ವಟಗುಟ್ಟಿದ್ರೆ ಹಕ್ಕಿ ಹಾರಿಹೋಗುತ್ತೆ."

"ಹಕ್ಕಿ ಮುಳುಗೋ ಹೊತ್ತಿಗೆ ಸರಿಯಾಗಿ ಪಕ್ಕೆಗೆ ತಿವಿಯೋನು ಯಾರು? ಒಂದು ವರ್ಷದಿಂದ ನನ್ನ ಒಂದು ಚಿತ್ರ ನೆಟ್ಟಗಿಲ್ಲ. ಬೇಕಂತಲೇ ಮಾಡ್ತೀಯ, ಮುದುಕ."

ಅವರಿಗಿಂತ ಮುಂದಿದ್ದವರೆಲ್ಲ ಒಬ್ಬೊಬ್ಬರಾಗಿ ತಿರುಗಿಸಿದರು. ಬಿಳಿ. ಬಿಳಿ. ಬಿಳಿ. ಒಬ್ಬ ಹುಡುಗ ತನ್ನ ಬಿಳಿ ಗೋಲಿಯನ್ನು ನೆಲಕ್ಕೆ ಹಾಕಿ ಒದೆಯಲು ಹೋಗಿ ಅತ್ತೆಯ ಬೈಗುಳ ತಿಂದ. ಡೋಲಿನಲ್ಲಿ ಸದ್ದು ಕಡಿಮೆಯಾಗುತ್ತ ಬಂದಂತೆ ಅಂಗಡಿಯೊಳಗಿನ ಗಾಳಿ ಬಿಗಿಯಾಯಿತು.

ಇಸೊಗಾಯ್ ಸಾನ್ ಬಲಗೈಯಿಂದಲೇ ಹಿಡಿಯನ್ನು ಹಿಡಿದರು. ಎಡಗೈ ಬಳಸಬಹುದಿತ್ತು, ಬಳಸಲಿಲ್ಲ. ಅರ್ಧ ಸುತ್ತು ಸರಿಯಾಗಿ ಹೋಯಿತು. ಆಮೇಲೆ ಕೈ ಮೀನಿನಂತೆ ಅದುರಿತು, ಡೋಲು ಹಿಂದಕ್ಕೆ ಜಗ್ಗಿ ಮುಂದಕ್ಕೆ ಬಿತ್ತು. ಟಕ್, ಟಕ್. ತಟ್ಟೆಯಲ್ಲಿ ಎರಡು ಗೋಲಿ.

ಒಂದು ಬಿಳಿ, ಒಂದು ಚಿನ್ನ.

"ಚಿನ್ನ ಮೊದಲು!" ಇಸೊಗಾಯ್ ಸಾನ್ ಕಿರುಚಿದರು.

"ಸುಳ್ಳು! ಬಿಳಿ ಮೊದಲು ಬಿತ್ತು. ಚಿನ್ನ ನಂದು!" ಕುವಾಬಾತಾ ಸಾನ್ ಭುಜದಿಂದ ಮುದುಕನನ್ನು ತಳ್ಳಿ ಮುಂದೆ ಬಂದರು.

"ನಿನಗೆ ಕಾಣಿಸಿದ್ದು ನನ್ನ ಬೆನ್ನು!"

"ನಿನ್ನ ಬೆನ್ನಿಗೂ ನಾಚಿಕೆ ಇಲ್ಲ!"

ಹಿಂದಿನವರು, ಇನ್ನೊಮ್ಮೆ ತಿರುಗಿಸಿ, ಇದು ಮೋಸ ಎಂದು ಕೂಗಾಡಿದರು. ಹತಾನೊ ಎರಡೂ ಕೈ ಎತ್ತಿದ. "ತಟ್ಟೆ ಪಕ್ಕ ಇದ್ದದ್ದು ಈ ಹುಡುಗಿ. ನೀವು ಹೇಳಿ. ಯಾವುದು ಮೊದಲು?"

ಎಲ್ಲರೂ ನನ್ನತ್ತ ತಿರುಗಿದರು.

ನಾನು ನೋಡಿದ್ದೆ. ಬಿಳಿ ಬಿದ್ದು ಪುಟಿದು, ಅದು ಇನ್ನೂ ಗಾಳಿಯಲ್ಲಿರುವಾಗ ಚಿನ್ನ ಅದರ ಕೆಳಗೆ ಬಂದು ಬಿದ್ದಿತ್ತು. ಅತ್ತೆ ಕಣ್ಣಲ್ಲೇ ಒಂದು ಮಾತು ಹೇಳಿದಳು, ಹೇಳು ಹುಡುಗಿ, ಚಿನ್ನ ಅನ್ನು. ಅವಳ ಹಿಂದೆ ಇಸೊಗಾಯ್ ಸಾನ್ ಕೈ ಜೇಬಿನೊಳಗೆ ಕುಣಿಯುತ್ತಿತ್ತು.

ಎರಡೂ ಒಟ್ಟಿಗೆ ಬಿದ್ದವು ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಆಗ ಅಜ್ಜಿ ಹೇಳುತ್ತಿದ್ದ, ನಾನು ಅತ್ತೆಗೂ ಎಷ್ಟೋ ಸಲ ಒಪ್ಪಿಸಿದ್ದ ಕಥೆಯ ನರಿ ನೆನಪಾಯಿತು. ಒಂದು ಕೊಳಕ್ಕಾಗಿ ಕೊಕ್ಕರೆಗೂ ಆಮೆಗೂ ವ್ಯಾಜ್ಯ. ತಾವರೆ ಎಲೆಯ ಮೇಲೆ ಇಬ್ಬರದೂ ಒಂದೊಂದು ಇಬ್ಬನಿಯ ಹನಿ, ಯಾರ ಹನಿ ಮೊದಲು ಬೀಳುತ್ತದೋ ಅವರದು ಕೊಳ. ನೋಡಲು ಕೂರಿಸಿದ್ದು ನರಿಯನ್ನು. ನರಿ ನೋಡಿತು. ಆದರೆ ಇಬ್ಬರ ಸ್ನೇಹವೂ ಉಳಿಯಲಿ ಎಂದು, ಎರಡೂ ಒಟ್ಟಿಗೆ ಬಿದ್ದವು ಎಂದಿತು. ಅಂದಿನಿಂದ ಅದಕ್ಕೆ ಈ ದಡದಲ್ಲೂ ನೀರಿಲ್ಲ, ಆ ದಡದಲ್ಲೂ ನೀರಿಲ್ಲ. ಕತ್ತಲಾದ ಮೇಲೆ ಕದ್ದು ಕುಡಿಯುತ್ತದೆ.

"ಬಿಳಿ," ಎಂದೆ.

"ಇವಳ ಮಾತು ಕೇಳ್ತೀರಾ?" ಅತ್ತೆ ನಕ್ಕಳು, ಆ ನಗುವಿನಲ್ಲಿ ಹಲ್ಲು ಮಾತ್ರ ಇತ್ತು. "ಹಗಲುಗನಸಿನೋಳು. ಟೀ ಕೊಡು ಅಂದ್ರೆ ಕಪ್‌ನಲ್ಲಿ ಮೋಡ ಇದೆ ಅಂತ ನಿಂತ್ಕೋತಾಳೆ. ಏನೂ ನೋಡಿರಲ್ಲ."

"ನೋಡಿದೆ ಅತ್ತೆ. ಬಿಳಿ ಬಿದ್ದು ಪುಟೀತು. ಚಿನ್ನ ಆಮೇಲೆ."

"ನೀನೇ ಮಾಡಿದ ನಿಯಮ, ತೊಯೊಕೊ!" ಕುವಾಬಾತಾ ಸಾನ್ ಚಿನ್ನದ ಗೋಲಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು.

ಅತ್ತೆ ನನ್ನ ಕಿವಿಯ ಹತ್ತಿರ ಬಂದು, "ಇವತ್ತು ನೀನು ನಿನ್ನ ಅಜ್ಜಿ ಕಥೇನೇ ಉಣ್ಣು. ನನ್ನ ಒಲೆ ಮೇಲೆ ನಿನಗೆ ಅನ್ನ ಇಲ್ಲ," ಎಂದಳು.

ಇಸೊಗಾಯ್ ಸಾನ್ ನನ್ನನ್ನು ನೋಡಿದ ಬಗೆಯನ್ನು ನಾನು ಬರೆಯಲಾರೆ. ಅವರು ಬಾಗಿಲ ಕಡೆ ನಡೆದರು, ಆದರೆ ಜನ ಅಡ್ಡ ನಿಂತಿದ್ದರಿಂದ ಹೊರಗೆ ಹೋಗಲಾಗಲಿಲ್ಲ.

ಇನ್ನೊಂದು ನಿಯಮವಿತ್ತು, ಇದು ಕಂಪನಿಯದು. ಒಡೆಯದ ಪೆಟ್ಟಿಗೆಗೆ ಹೊರಗೆ ಬೆಲೆ ಹೆಚ್ಚು, ಆದ್ದರಿಂದ ಕೊಳ್ಳುವವರೆದುರೇ ಪೆಟ್ಟಿಗೆ ಒಡೆದು, ಗ್ಯಾರಂಟಿ ಕಾರ್ಡಿಗೆ ಮುದ್ರೆ ಒತ್ತಿ, ಅಂಗಡಿಯಲ್ಲೇ ಒಂದು ಚಿತ್ರ ತೆಗೆಸಬೇಕು. ಅತ್ತೆ ಕತ್ತರಿಯಿಂದ ಅಂಟುಪಟ್ಟಿ ಸೀಳಿದಳು, ಹತಾನೊನ ಕುತ್ತಿಗೆ ಸೀಳಿದ ಹಾಗೆ. ಕಾರ್ಡಿಗೆ ಮುದ್ರೆ ಬಡಿದಾಗ ಗಾಜು ನಡುಗಿತು. ಅಂಗಡಿಯ ಬ್ಯಾಟರಿ ಹಾಕಿ, ಲೆನ್ಸ್ ತೊಡಿಸಿ ಕುವಾಬಾತಾ ಸಾನ್ ಮುಂದೆ ಇಟ್ಟಳು.

"ತೆಗೀರಿ. ತೆಗೆದು ಹೊರಡಿ."

ಕುವಾಬಾತಾ ಸಾನ್ ಕ್ಯಾಮೆರಾ ಎತ್ತಿಕೊಂಡರು. ಕಣ್ಣಿಗಿಟ್ಟುಕೊಳ್ಳಲಿಲ್ಲ. ಬಾಗಿಲ ಬಳಿಯ ಬೆನ್ನನ್ನೇ ನೋಡುತ್ತ, "ಏ ಮುದುಕ," ಎಂದರು. "ಆ ಕೈ ಯಾವಾಗಿಂದ ಹಾಗೆ?"

ಇಸೊಗಾಯ್ ಸಾನ್ ತಿರುಗಿದರು.

"ಯಾವ ಕೈ?"

"ಗರಗರ ಜಗ್ಗಿತಲ್ಲ, ಆ ಕೈ. ವರ್ಷದಿಂದ ನನ್ನ ಪಕ್ಕೆಗೆ ತಿವೀತಿರೋ ಕೈ. ನಾನೇನೋ ದ್ವೇಷ ಅಂದ್ಕೊಂಡಿದ್ದೆ."

"ದ್ವೇಷಾನೇ."

"ಇರಲಿ. ಹಿಡಿ ಇದನ್ನ. ನನ್ನದೊಂದು ತೆಗಿ."

"ನಿನ್ನ ಭಿಕ್ಷೆ ನನಗೆ ಬೇಡ."

"ಭಿಕ್ಷೆ ಯಾರು ಹಾಕಿದ್ರು? ನನ್ನ ಕ್ಯಾಮೆರಾ, ಪರೀಕ್ಷೆ ಮಾಡಿಸ್ತಿದ್ದೀನಿ. ನಿನ್ನ ಕೈಲಿ ನಿಲ್ಲದಿದ್ರೆ ಈ ಟೈ ಕಟ್ಟಿದವನ ಕಂಪನಿ ಬೊಗಳಿದ್ದೆಲ್ಲ ಸುಳ್ಳು, ಇಲ್ಲೇ ಇವನ ತಲೆ ಮೇಲೆ ಕುಟ್ಟಿ ಹೋಗ್ತೀನಿ."

ಹತಾನೊ ಒಂದು ಹೆಜ್ಜೆ ಹಿಂದೆ ಸರಿದ.

ಇಸೊಗಾಯ್ ಸಾನ್ ಜೇಬಿನಿಂದ ಕೈ ತೆಗೆದರು. ಅಷ್ಟೂ ಜನರ ಮುಂದೆ ಅದು ನಡುಗಿತು, ಎಲೆಯ ತುದಿಯ ಹನಿಯಂತೆ. ಯಾರೂ ಕಣ್ಣು ತಿರುಗಿಸಲಿಲ್ಲ, ಅದೇ ಕ್ರೌರ್ಯ. ಅವರು ಕ್ಯಾಮೆರಾ ತೆಗೆದುಕೊಂಡು ಕಣ್ಣಿಗೊತ್ತಿದರು. ಕುವಾಬಾತಾ ಸಾನ್ ಸೊಂಟಕ್ಕೆ ಕೈಯಿಟ್ಟು ಹುಬ್ಬು ಗಂಟಿಕ್ಕಿದರು. ಕ್ಲಿಕ್.

ಅತ್ತೆ ಅದನ್ನು ಕೂಡಲೇ ಮುದ್ರಿಸಿದಳು. ಯಂತ್ರದಿಂದ ಹೊರಬರುತ್ತಿದ್ದ ಕಾಗದದತ್ತ ಎಲ್ಲರೂ ಕತ್ತು ಚಾಚಿದರು. ಆ ಗಂಟುಮೋರೆಯ ಒಂದೊಂದು ರೆಪ್ಪೆಕೂದಲನ್ನೂ ಎಣಿಸಬಹುದಿತ್ತು. ಕಣ್ಣಪಾಪೆಯೊಳಗೆ ಅಂಗಡಿಯ ಬಾಗಿಲಿತ್ತು, ಬಾಗಿಲಲ್ಲಿ ಕ್ಯಾಮೆರಾ ಹಿಡಿದ ಒಬ್ಬ ಪುಟ್ಟ ಮುದುಕನಿದ್ದ.

ಇಸೊಗಾಯ್ ಸಾನ್ ಬಹಳ ಹೊತ್ತು ನೋಡಿದರು. ಕ್ಯಾಮೆರಾ ಇನ್ನೂ ಅವರ ಎದೆಗೆ ಒತ್ತಿಕೊಂಡೇ ಇತ್ತು.

"ಮುಖ ವಿಕಾರವಾಗಿದೆ," ಎಂದರು ಕೊನೆಗೆ. "ಕ್ಯಾಮೆರಾ ತಪ್ಪಲ್ಲ."

"ಕೊಡು ಇಲ್ಲಿ."

ಒಂದೊಂದೇ ಬೆರಳು ಬಿಡಿಸಿದಂತೆ ಕೊಟ್ಟರು. ಕುವಾಬಾತಾ ಸಾನ್ ಅದನ್ನು ಕೈಚೌಕದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡರು. "ನಾಳೆಯಿಂದ ನನ್ನ ಬಲಗಡೆ ನಿಂತ್ಕೋ. ಆಗ ನನ್ನ ಕಡೆ ಬರೋದು ನಿನ್ನ ಎಡ ಮೊಣಕೈ. ಅದಾದ್ರೂ ನೆಟ್ಟಗಿದೆ ತಾನೇ?"

"ಬಲಗಡೆ ಬಿಸಿಲು."

"ಟೋಪಿ ಹಾಕ್ಕೋ, ದರಿದ್ರ."

ಕುವಾಬಾತಾ ಸಾನ್ ಹೋದರು. ಉಳಿದವರೂ ಗೊಣಗುತ್ತ ಚದುರಿದರು. ಇಸೊಗಾಯ್ ಸಾನ್ ಹತಾನೊನ ಟೈಯನ್ನು ಎಡಗೈಯಿಂದ ಹಿಡಿದು ಹತ್ತಿರಕ್ಕೆಳೆದರು. "ಎರಡನೇದು ಯಾವಾಗ?"

"ಹಂಚಿಕೆ ಮೇಲಿಂದ..."

"ಮೇಲೆ ಇರೋದು ನನಗೆ ಗೊತ್ತು. ಜೀವಮಾನ ಪೂರ್ತಿ ಕ್ರೇನ್ ಮೇಲೆ ಕೂತಿದ್ದೋನು ನಾನು. ಅಲ್ಲಿಂದ ತಾನಾಗಿ ಏನೂ ಕೆಳಗೆ ಬರಲ್ಲ, ಯಾರೋ ಒಬ್ಬ ಇಳಿಸಬೇಕು. ಇಳಿಸು."

ಹೊರಡುವಾಗ ನನ್ನ ಮುಂದೆ ನಿಂತರು. "ನಿನ್ನ ಕಣ್ಣು ಚೆನ್ನಾಗಿದೆ, ಹುಡುಗಿ," ಎಂದರು. ಹೊಗಳಿಕೆಯಂತೆ ಕೇಳಿಸಲಿಲ್ಲ. "ಮುಂದಿನ ಸಲ ನಾನು ತಿರುಗಿಸೋವಾಗ ತಟ್ಟೆ ಹತ್ತಿರ ನೀನಿರಬಾರದು."

ಅತ್ತೆ ಚಿತ್ರವನ್ನು ಗೋಡೆಗೆ ಹಚ್ಚಲು ಹೇಳಿದಳು. ಕೆಳಗೆ ಹೆಸರು ಬರೆಯಬೇಕಲ್ಲ ಎಂದು ಕೇಳಿದೆ, ಯಾರದ್ದು?

"ಕಣ್ಣಿದೆಯಲ್ಲ ನಿನಗೆ," ಎಂದಳು ಅತ್ತೆ, ಗರಗರವನ್ನು ಅಟ್ಟಕ್ಕೇರಿಸುತ್ತ. "ನೋಡಿದ್ದನ್ನೇ ಬರಿ."

ಇಸೊಗಾಯ್ ಎಂದು ಬರೆದೆ. ಮಾರನೆಯ ದಿನ ಕುವಾಬಾತಾ ಸಾನ್ ಬಂದು ಅದನ್ನು ಹೊಡೆದುಹಾಕಿ ತಮ್ಮ ಹೆಸರು ಬರೆದರು. ಮಧ್ಯಾಹ್ನದ ಹೊತ್ತಿಗೆ ಅದನ್ನೂ ಯಾರೋ ಹೊಡೆದುಹಾಕಿದ್ದರು. ಆ ಗೆರೆ ಮಾತ್ರ ತುಂಬ ಅಂಕುಡೊಂಕಾಗಿತ್ತು.