ನಮ್ಮ ನಿಧಿಯ ರೂಪಾಯಿ

ನನ್ನದು ಸುಮ್ಮನಿರುವ ಬಾಯಲ್ಲ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಎಂದು ಅತ್ತೆ ಮುನಿತಾಯಮ್ಮ ಸಾಯುವವರೆಗೂ ಬೈಯುತ್ತಿದ್ದರು.

ಆ ಒಂಬತ್ತು ಬೆಳ್ಳಿ ರೂಪಾಯಿ ಅವರ ಗಂಟಿನವೇ. ನನ್ನ ಆರು ವರ್ಷದ ಮಗಳು ನಿಧಿ ಕಾಲು ಮುಂದಾಗಿ ಹುಟ್ಟಿದವಳು. ಅಂಥವರು ತುಳಿದರೆ ಉಳುಕು ಬಿಡುತ್ತದೆಂದು ನಮ್ಮೂರು ಕೈಲಾಂಚದಲ್ಲಿ ಸೊಂಟ ಹಿಡಿದವರೆಲ್ಲ ನಮ್ಮ ಜಗುಲಿಯ ಮೇಲೆ ಬಂದು ಬೋರಲು ಮಲಗುತ್ತಾರೆ. ಅತ್ತೆ ತುಳಿಸಿಕೊಂಡಾಗಲೆಲ್ಲ ರಾಜನ ತಲೆಯಿರುವ ಒಂದು ಹಳೇ ರೂಪಾಯಿ ಮೊಮ್ಮಗಳ ಕೈಗಿಡುತ್ತಿದ್ದರು.

ಅವನ್ನು ಕರಗಿಸಿ ಅವಳಿಗೇ ಗೆಜ್ಜೆ ಮಾಡಿಸುವ ಆಸೆ ನನಗೆ. ಎಷ್ಟು ಬೆಲೆ ಬಾಳುತ್ತವೋ ಕೇಳೋಣವೆಂದು ಮೂರನ್ನು ಹುಣಸೇಹಣ್ಣಿನಲ್ಲಿ ಫಳಫಳ ತಿಕ್ಕಿಕೊಂಡು ರಾಮನಗರಕ್ಕೆ ಹೋದೆ. ಬೆಳ್ಳಿ ಅಂಗಡಿಯ ಪೀರ್ ಸಾಬ್ ಕಲ್ಲಿನ ಮೇಲೆ ಟಣ್ಣೆನ್ನಿಸಿ, ತೂಗಿ, ಭೂತಗನ್ನಡಿಯಲ್ಲಿ ಇಸವಿ ನೋಡಿ ಹಣೆ ಚಚ್ಚಿಕೊಂಡರು.

"ಯಾಕ್ ತಾಯಿ ತಿಕ್ಕಿದ್ದು? ಹಳೇ ಕಪ್ಪು ಹಂಗೇ ಇದ್ರೇನೇ ಬೆಲೆ. ಈಗ ಬರೀ ಬೆಳ್ಳಿ ತೂಕ ಅಷ್ಟೇಯ. ಇನ್ನೂ ಅವ್ಯಾ? ಎಲ್ಲಿವು ಇವು?"

"ಎಲ್ಲಾ ನಮ್ ನಿಧೀದು ಕಣ್ ಸಾಬ್ರೆ. ಇನ್ನೂ ಆರು ಹಟ್ಟೀಲವೆ. ಅವ್ನ ತಿಕ್ಕಿಲ್ಲ."

ಪಕ್ಕದಲ್ಲಿ ಉಂಗುರ ನೋಡುತ್ತಿದ್ದ ಇಬ್ಬರು ತಟ್ಟನೆ ತಲೆಯೆತ್ತಿದರು. ಅವರಲ್ಲೊಬ್ಬ ದಪ್ಪನೆಯವನು ಯಾವೂರಮ್ಮ ಎಂದು ಕೇಳಿದ. ಹಲ್ಲು ಕಿರಿದು ಹೇಳಿದೆ, ಮನೆ ಗುರುತಿನ ಸಮೇತ. ದಡ್ಡಿ ನಾನು.

ಬಸ್ಸಿನ ಹಿಂದೆಯೇ ಒಂದು ಬೈಕು ನಮ್ಮೂರವರೆಗೂ ಬಂತು. ಮನೆಗೆ ಬಂದು ಒಂದು ಚೊಂಬು ನೀರು ಕುಡಿಯುವಷ್ಟರಲ್ಲಿ ಅವರಿಬ್ಬರೂ ಅಂಗಳದಲ್ಲಿ ನಿಂತಿದ್ದರು. ಗಂಡ ಶಿವರಾಜು ಕುರಿ ಮೇಯಿಸಲು ಹೋಗಿದ್ದ. ಮಗಳು ಹಿತ್ತಲಲ್ಲಿ ಕುರಿಮರಿಗಳ ಜೊತೆ ಆಡುತ್ತಿದ್ದಳು.

"ನಿಧಿ ಎಲ್ಲೈತಮ್ಮ?" ಎಂದ ದಪ್ಪನೆಯವನು.

ಮಗಳ ಹೆಸರು ಇವನಿಗೆ ಹೇಗೆ ಗೊತ್ತು?

"ಇಲ್ಲ ಕಣಣ್ಣ. ಮರಳವಾಡಿಗೆ ಹೋಗವ್ಳೆ."

"ಯಾರಮ್ಮ ಹೋಗಿರೋದು? ನಾವ್ ಕೇಳ್ತಿರೋದು ನೀವ್ ಅಗೆದ ಜಾಗ. ಸರ್ಕಾರಕ್ಕೆ ಗೊತ್ತಾದ್ರೆ ನಿಮ್ಗೆ ಒಂದ್ ಕಾಸೂ ದಕ್ಕಾಕಿಲ್ಲ. ತೋರ್ಸು, ಪೂಜೆ ಗೀಜೆ ಎಲ್ಲಾ ನಾವ್ ನೋಡ್ಕತೀವಿ."

ಆಗ ಅರ್ಥವಾಯಿತು. ಅರ್ಥವಾದ ಮೇಲೆ ಹೆದರಿಕೆ ಇನ್ನೂ ಹೆಚ್ಚಾಯಿತು. ನಿಧಿ ತೆಗೆಯುವವರ ಪೂಜೆ ಎಂದರೇನೆಂದು ನಮ್ಮ ಕಡೆ ಎಳೆ ಮಕ್ಕಳಿಗೂ ಗೊತ್ತು. ಕಾಲು ಮುಂದಾಗಿ ಹುಟ್ಟಿದವರನ್ನು ಬಲಿ ಕೊಟ್ಟರೆ ನಿಧಿ ಸಿಗುತ್ತದಂತೆ. ನಿಧಿ ನನ್ನ ಮಗಳು ಎಂದರೆ ಊರಲ್ಲಿ ಕೇಳಿ, ಅವಳು ಹುಟ್ಟಿದ ಬಗೆ ತಿಳಿದು ಅವಳನ್ನೇ ಹುಡುಕುತ್ತಾರೆ, ಅನ್ನದಿದ್ದರೆ ಮನೆ ಅಗೆಯುತ್ತಾರೆ. ಅಗೆಯಲಿ ಎಂದುಕೊಂಡೆ. ಹುಟ್ಟಿದಾಗಿನಿಂದ ಮೊದಲ ಸಲ ಬಾಯಿ ಬಿಗಿಹಿಡಿದೆ. ಒಳಗಿದ್ದ ಆರೂ ರೂಪಾಯಿ ತಂದು ಅವರ ಕಾಲ ಬಳಿ ಸುರಿದೆ.

"ನಮ್ಮತ್ತೆ ಗಂಟಿಂದು. ಇಷ್ಟೇಯ. ತಕಂಡ್ ಹೋಗ್ರಪ್ಪ."

ಬಗ್ಗಿ ಆಯ್ದುಕೊಳ್ಳುತ್ತಿದ್ದ ದಪ್ಪನೆಯವನು ಅಯ್ಯಯ್ಯೋ ಎಂದು ಸೊಂಟ ಹಿಡಿದುಕೊಂಡ.

ಹಿತ್ತಲಿಂದ ಮಗಳು ಓಡಿಬಂದಳು. ಅಂಥ ನರಳಾಟ ಕೇಳಿದರೆ ಅವಳು ಯಾವಾಗಲೂ ಹಾಗೇ ಓಡಿಬರುತ್ತಾಳೆ.

"ಮಾಮ, ಸೊಂಟ ಹಿಡ್ಕತಾ? ಬೋರ್ಲು ಮನೀಕೋ, ತುಳೀತೀನಿ. ನಾನು ಕಾಲಲ್ಲಿ ಹುಟ್ಟಿರೋಳು."

ಅವನು ಆಯ್ದಿದ್ದ ರೂಪಾಯಿಗಳನ್ನು ಕೆಳಗೆ ಬಿಟ್ಟ. ಇಬ್ಬರೂ ನನ್ನ ಮಗಳ ಪಾದಗಳನ್ನೇ ನೋಡತೊಡಗಿದರು.