ಬೇರು ಕಾಯುವ ಪುಡಿ

ತೊಗರಿ ಬಿತ್ತುವ ಮುನ್ನ, ಸೋನುಬಾಯಿಯ ತುಂಬು ಬಸುರಿ ಸೊಸೆ ಸ್ನೇಹಲ ಹುಮನಾಬಾದಿನ ಕೃಷಿ ತರಬೇತಿಯಲ್ಲಿ ಕೊಟ್ಟ ಪುಡಿಯನ್ನು ಬೆಲ್ಲದ ನೀರಿನಲ್ಲಿ ಕಲಸಿ ಬೀಜಕ್ಕೆ ಹಚ್ಚಿದಳು.

“ಇದರಾಗ ಕಣ್ಣಿಗಿ ಕಾಣದ ಕ್ರಿಮಿ ಅದಾವ್ರಿ ಅತ್ತಿ. ಒಳ್ಳೇವು. ಬೇರಿಗಿ ನೆಟೆ ರೋಗ ಬರಗೊಡಂಗಿಲ್ಲ,” ಎಂದಳು. ಸೋನುಬಾಯಿ ನಕ್ಕಳು.

ಹೆರಿಗೆಯಾದ ಮೇಲೆ ಸ್ನೇಹಲಳಿಗೆ ಜ್ವರ ಏರಿತು. ರಕ್ತಕ್ಕೆ ಕ್ರಿಮಿ ಸೇರಿದೆ ಎಂದರು ಬಸವಕಲ್ಯಾಣದ ಡಾಕ್ಟರು.

“ಒಳ್ಳೇ ಕ್ರಿಮಿನೂ ಇರ್ತಾವಂತಲ್ರಿ ಸಾಹೇಬ್ರ, ಅವನ್ನ ಹಾಕ್ರಿ,” ಎಂದು ಸೋನುಬಾಯಿ ಕೈಮುಗಿದಳು. ಡಾಕ್ಟರು ಇನ್ನೊಂದು ಸಲೈನ್ ಬಾಟಲಿ ಏರಿಸಿದರು. ಸಂಜೆಯ ಹೊತ್ತಿಗೆ ಸೊಸೆ ತೀರಿಕೊಂಡಳು.

ಆ ವರ್ಷ ಸುತ್ತಲಿನ ಹೊಲಗಳಲ್ಲಿ ತೊಗರಿ ನೆಟೆ ರೋಗ ತಗುಲಿ ನಿಂತಲ್ಲೇ ಒಣಗಿತು. ಸೋನುಬಾಯಿಯ ಹೊಲವೊಂದೇ ಮೈತುಂಬ ಹೂ ಬಿಟ್ಟಿತು. “ಬೀಜಕ್ಕ ಏನ್ ಹಚ್ಚಿದ್ರಿ?” ಎಂದು ಜನ ಕೇಳಿದರೆ, ಅವಳು ಮೊಮ್ಮಗಳನ್ನು ಎದೆಗವಚಿಕೊಂಡು, “ಅದು ನನ್ನ ಸೊಸಿಗಿ ಗೊತ್ತಿತ್ತು,” ಎಂದು ಬಿಕ್ಕುತ್ತಿದ್ದಳು.