ಭಾವ ಪಾಸ್ ಮಾಡಿದ ಕೊಳವೆ

ಚಿತ್ರ ಸುತ್ತಿಡಲು ಒಂದು ಟ್ಯೂಬು ಬೇಕು ಎಂಬ ಮಾತನ್ನು ಪುಟ್ಟಿ ಊಟದ ಮೇಜಿನ ಎದುರು ಆಡಬಾರದಿತ್ತು. ಆಡಿಬಿಟ್ಟಳು. ಅದೂ ಭಾವ ಕೈ ತೊಳೆದು ಬಂದು ಕೂತ ಮೇಲೆ.

ನಲವತ್ತೆರಡು ತುಂಬಿದರೂ ಆ ಮನೆಯಲ್ಲಿ ಅವಳು ಪುಟ್ಟಿಯೇ. ಅಕ್ಕನ ಮನೆಯ ಮಹಡಿ ಕೋಣೆಯಲ್ಲಿದ್ದುಕೊಂಡು ಮರದ ಹಲಗೆ ಕೆತ್ತುತ್ತಾಳೆ, ಕೆತ್ತಿದ್ದಕ್ಕೆ ಕಪ್ಪು ಶಾಯಿ ಬಳಿದು ಸೊಂಟದೆತ್ತರಕ್ಕೆ ಬರುವ ಕಾಗದದ ಮೇಲೆ ಅಚ್ಚು ತೆಗೆಯುತ್ತಾಳೆ. ಆವತ್ತು ಪತ್ರ ಬಂದಿತ್ತು. ರೈಲಿನಲ್ಲಿ ಒಂಬತ್ತು ಗಂಟೆ ದೂರದ ಊರಿನ ಚಿತ್ರಶಾಲೆಯವರು ಅವಳ ಹದಿನಾಲ್ಕು ಚಿತ್ರ ಪ್ರದರ್ಶನಕ್ಕೆ ಆರಿಸಿದ್ದರು. ಎರಡು ವರ್ಷದ ದುಡಿಮೆ. ಸಂತೋಷದಲ್ಲಿ ಬಾಯಿ ಸಡಿಲವಾಯಿತು.

"ಟ್ಯೂಬು ಅಂದರೆ?" ಭಾವ ಅನ್ನದಿಂದ ತಲೆ ಎತ್ತಿದರು.

"ಅದೇ ಭಾವ, ಚಿತ್ರ ಸುರುಳಿ ಸುತ್ತಿ ಒಳಗಿಡೋದು. ರಟ್ಟಿನ ಕೊಳವೆ."

"ಕೊಳವೆ," ಅಂದರು ಭಾವ, ಕಳೆದುಹೋದ ತಮ್ಮನ ಹೆಸರು ಕೇಳಿದವರಂತೆ.

ಅಕ್ಕ ತಂಗಿಯ ಮುಖ ನೋಡಿದಳು. ಮುಗೀತು ನಿನ್ನ ಕಥೆ ಎಂಬಂತಿತ್ತು ಆ ನೋಟ.

ಭಾವ ಮೂವತ್ತೊಂದು ವರ್ಷ ಪೈಪ್ ಕಾರ್ಖಾನೆಯಲ್ಲಿ ತಪಾಸಣೆ ಕೆಲಸ ಮಾಡಿದವರು. ಸಾಲಾಗಿ ಬರುವ ಪೈಪುಗಳನ್ನು ಬಡಿದು, ಒಳಗೆ ಕಣ್ಣಿಟ್ಟು ನೋಡಿ, ಪಾಸ್ ಅಥವಾ ರಿಜೆಕ್ಟ್ ಎಂದು ಮೊಹರು ಒತ್ತುವುದು. ನಿವೃತ್ತರಾದಾಗ ಮೊಹರನ್ನು ಕಾರ್ಖಾನೆಗೆ ಒಪ್ಪಿಸಿ ಬಂದರು, ಅಭ್ಯಾಸವನ್ನು ಮನೆಗೆ ತಂದರು. ಬಾಗಿಲಿನ ಚಿಲಕ ರಿಜೆಕ್ಟ್. ಪಕ್ಕದ ಮನೆಯವರ ಕಾಂಪೌಂಡು ರಿಜೆಕ್ಟ್. ಅಕ್ಕ ಮಾಡಿದ ಸಾರು ವಾರಕ್ಕೆ ಮೂರು ದಿನ ರಿಜೆಕ್ಟ್, ಆದರೂ ಎರಡು ಸಲ ಹಾಕಿಸಿಕೊಳ್ಳುವುದು. ಅಂಥವರ ಜೀವನದಲ್ಲಿ ನಾಲ್ಕು ವರ್ಷದ ನಂತರ ಮತ್ತೆ ಒಂದು ಕೊಳವೆ ಬಂದಿತ್ತು. ಹಸಿದವನ ಮುಂದೆ ಎಲೆ ಹಾಸಿದ ಹಾಗಾಯಿತು.

"ನಾಳೆ ಅಂಗಡಿಗೆ ಹೋಗೋಣ. ನೀನು ಸುಮ್ಮನೆ ಜೊತೆಗೆ ಬಾ, ಮಾತು ನಾನಾಡ್ತೀನಿ," ಅಂದರು.

ಚಿತ್ರ ಯಾವುದು, ಏನಿದೆ ಅದರಲ್ಲಿ ಎಂದು ಅವರು ಕೇಳಲಿಲ್ಲ. ಉದ್ದ ಎಷ್ಟು ಎಂದಷ್ಟೇ ಕೇಳಿದರು. ಹಾಗೆ ನೋಡಿದರೆ ಪುಟ್ಟಿಗೂ ಅದೇ ಬೇಕಿತ್ತು. ಆ ಹದಿನಾಲ್ಕು ಚಿತ್ರಗಳು ಅವಳಿಗೆ ಈ ಎರಡು ವರ್ಷದಲ್ಲಿ ಬಿಟ್ಟಿ ಸಲಹೆ ಕೊಟ್ಟ ಹದಿನಾಲ್ಕು ಜನರ ಮುಖಗಳು. ಮದುವೆ ಆಗು ಅಂದ ದರ್ಜಿ, ಕಪ್ಪು ಬಿಟ್ಟು ಬಣ್ಣ ಹಾಕು ಅಂದ ಹಲ್ಲಿನ ಡಾಕ್ಟರು, ಎರಡನ್ನೂ ಹೇಳಿದ ಭಾವನ ತಮ್ಮ. ಹನ್ನೊಂದನೆಯದು ಸ್ವತಃ ಭಾವ. ಬಾಯಿ ಅರ್ಧ ತೆರೆದಿದೆ. ಎತ್ತಿದ ತೋರುಬೆರಳು ಮುಖದಷ್ಟೇ ದಪ್ಪವಿದೆ. ಆ ಬೆರಳಿನ ಉಗುರೊಂದನ್ನೇ ಅವಳು ಮೂರು ದಿನ ಕೂತು ಕೆತ್ತಿದ್ದಳು. ಅಷ್ಟು ಸುಖ ಅವಳಿಗೆ ಬೇರೆ ಯಾವ ಉಗುರಿನಲ್ಲೂ ಸಿಕ್ಕಿರಲಿಲ್ಲ.

ಕಾಗದ, ಪೆನ್ನು, ಡ್ರಾಯಿಂಗ್ ಸಾಮಾನು ಮಾರುವ ಅಂಗಡಿ ಅದು. ಅಂಗಡಿಯವನು ಮೂರು ಬಗೆ ತೆಗೆದಿಟ್ಟ. ತೆಳು ರಟ್ಟಿನದೊಂದು. ದಪ್ಪ ರಟ್ಟಿನ, ನಾಲ್ಕು ಅಂಗುಲ ಅಗಲದ, ಎರಡು ತುದಿಗೂ ಮುಚ್ಚಳವಿರುವುದೊಂದು. ಮೂರನೆಯದು ಕಪ್ಪು ಪ್ಲಾಸ್ಟಿಕ್ಕಿನದು, ತಿರುಗಿಸಿ ಎಳೆದರೆ ಉದ್ದವಾಗುತ್ತದೆ, ಹೆಗಲಿಗೆ ಹಾಕಿಕೊಳ್ಳಲು ಪಟ್ಟಿ ಇದೆ.

ಪುಟ್ಟಿಯ ಕೈ ಎರಡನೆಯದರ ಮೇಲೆ ಹೋಯಿತು. ಅವಳಿಗೆ ಬೇಕಾದದ್ದು ಅದೇ. ಕೊಳವೆ ಸಣ್ಣದಾದರೆ ಕಾಗದ ಬಿಗಿಯಾಗಿ ಸುತ್ತಿಕೊಂಡು ಆಮೇಲೆ ಗೋಡೆಗೆ ಹಾಕಿದರೂ ಸುರುಳಿ ಬಿಡುವುದಿಲ್ಲ. ಇದು ಅಗಲವಾಗಿದೆ, ಹಗುರವಾಗಿದೆ, ಒಳಗೆ ಚಿತ್ರದ ಉದ್ದಕ್ಕಿಂತ ಎರಡು ಬೆರಳಷ್ಟೇ ಹೆಚ್ಚು ಜಾಗ. ಅದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಭಾವ ಅದನ್ನು ಕಿತ್ತುಕೊಂಡು ನೆಲಕ್ಕಿಟ್ಟು ಮೇಲೆ ಹತ್ತಿ ನಿಂತಿದ್ದರು. ಎಪ್ಪತ್ತೆಂಟು ಕಿಲೋ ಆಸಾಮಿ. ರಟ್ಟು ಒಂದು ಕ್ಷಣ ಮರ್ಯಾದೆ ಉಳಿಸಿಕೊಂಡಿತು, ಆಮೇಲೆ ಅಪ್ಪಚ್ಚಿಯಾಯಿತು.

"ನೋಡಿದೆಯಾ," ಅಂದರು ಭಾವ.

"ಸಾರ್, ಅದರ ಮೇಲೆ ಯಾರೂ ನಿಲ್ಲಲ್ಲ," ಅಂದ ಅಂಗಡಿಯವನು.

"ರೈಲು ಹತ್ತಿದ್ದೀರಾ ನೀವು ಯಾವತ್ತಾದರೂ?"

"ಹತ್ತಿದ್ದೀನಿ ಸಾರ್. ನಾನು ಯಾರ ಸಾಮಾನಿನ ಮೇಲೂ ನಿಂತಿಲ್ಲ."

ಭಾವ ಅದನ್ನು ಕೇಳಿಸಿಕೊಳ್ಳಲಿಲ್ಲ. ಪ್ಲಾಸ್ಟಿಕ್ಕಿನದನ್ನು ಬಡಿದರು, ಕಿವಿಗೆ ಹಿಡಿದರು, ಒಂದು ಕಣ್ಣು ಮುಚ್ಚಿ ಒಳಗೆ ನೋಡಿದರು. ಒಳಗಿನಿಂದ ಅವರಿಗೆ ಅಂಗಡಿಯವನ ಬೇಸತ್ತ ಮುಖ ಕಂಡಿರಬೇಕು. ತಿರುಗಿಸಿ ಎಳೆಯುವ ಕಡೆ ನೀರು ನುಗ್ಗುತ್ತದೆ ಎಂದು ತೀರ್ಪು ಕೊಟ್ಟರು. ತೆಳು ರಟ್ಟಿನದನ್ನು ಮುಟ್ಟಲೂ ಇಲ್ಲ. ಅಪ್ಪಚ್ಚಿಯಾದದ್ದಕ್ಕೆ ಪುಟ್ಟಿ ದುಡ್ಡು ಕೊಟ್ಟಳು. ಬೀದಿಗಿಳಿದ ಮೇಲೆ ಭಾವ ಅವಳ ಬೆನ್ನು ತಟ್ಟಿ, "ಚಿಂತೆ ಮಾಡಬೇಡ. ನಾನೇ ಮಾಡಿಕೊಡ್ತೀನಿ," ಅಂದರು. ಚಿಂತೆ ಶುರುವಾದದ್ದೇ ಆಗ.

ಹಳೇ ಕಾರ್ಖಾನೆಯಿಂದ ನಾಲ್ಕೂವರೆ ಅಡಿ ಉದ್ದದ ಪೈಪು ಬಂತು. ಬಿಳಿ ಪ್ಲಾಸ್ಟಿಕ್ಕು, ಗೋಡೆಯೇ ಅರ್ಧ ಅಂಗುಲ ದಪ್ಪ, ಒಂದು ಬಡಾವಣೆಗೆ ನೀರು ಹರಿಸುವಂಥದ್ದು. ಎರಡು ದಿನ ಹಿತ್ತಲಿನಲ್ಲಿ ಉಜ್ಜುವ ಸದ್ದು. ಊಟಕ್ಕೆ ಕರೆದರೂ ಭಾವ ಬರುತ್ತಿರಲಿಲ್ಲ. ಆ ಎರಡು ದಿನ ಸಾರು ರಿಜೆಕ್ಟ್ ಆಗಲಿಲ್ಲವೆಂದು ಅಕ್ಕ ತಂಗಿಯನ್ನು ಮನಸಾರೆ ಹರಸಿದಳು.

"ಭಾವ, ಚಿತ್ರ ಮೂರೂವರೆ ಅಡಿ ಅಷ್ಟೇ. ಒಂದಡಿ ಹೆಚ್ಚಾಯ್ತು. ಒಳಗೆ ಜಾರಾಡುತ್ತೆ," ಅಂದಳು ಪುಟ್ಟಿ.

"ಗಾಳಿ ಆಡಬೇಕಮ್ಮ."

"ಚಿತ್ರಕ್ಕೆ ಗಾಳಿ ಯಾಕೆ?"

"ನಿನಗೆ ಚಿತ್ರ ಗೊತ್ತು, ಒಪ್ಪಿದೆ. ಕೊಳವೆ ನನ್ನ ವಿಷಯ."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಪುಟ್ಟಿ ಮಹಡಿಗೆ ಹೋಗಿ, ಒಂದೊಂದು ಚಿತ್ರದ ನಡುವೆಯೂ ತೆಳು ಕಾಗದ ಹಾಕಿ, ಹದಿನಾಲ್ಕನ್ನೂ ಸಡಿಲವಾಗಿ ಸುತ್ತಿದಳು. ದರ್ಜಿ ಎಲ್ಲಕ್ಕಿಂತ ಹೊರಗೆ ಬಂದ, ಭಾವ ಸುರುಳಿಯ ಒಳಗೆಲ್ಲೋ ಭದ್ರವಾದರು. ಒಂದು ತುದಿ ಮೊದಲೇ ಮುಚ್ಚಿದ್ದ ಪೈಪಿಗೆ ಇಳಿಸಿದಳು. ಭಾವ ಮೇಲೊಂದು ಮುಚ್ಚಳ ಇಟ್ಟರು. ಸುಮ್ಮನೆ ಇಟ್ಟಿದ್ದಾರೆ ಎಂದುಕೊಂಡು ಅವಳು ಚಪ್ಪಲಿ ರಿಪೇರಿಗೆ ಹೋದಳು.

ಬಂದು ನೋಡಿದರೆ ಪೈಪು ಹಿತ್ತಲಿನ ನೀರಿನ ತೊಟ್ಟಿಯ ತಳದಲ್ಲಿತ್ತು. ಮೇಲೇಳದಿರಲೆಂದು ಎರಡು ರುಬ್ಬುಗಲ್ಲು ಹೇರಿದ್ದರು. ಪಕ್ಕದಲ್ಲಿ ಭಾವ ಕುರ್ಚಿ ಹಾಕಿಕೊಂಡು ಕೈಗಡಿಯಾರ ನೋಡುತ್ತಿದ್ದರು.

ಪುಟ್ಟಿ ಚಪ್ಪಲಿಯನ್ನು ಅಲ್ಲೇ ಬಿಟ್ಟು ತೊಟ್ಟಿಯ ಬಳಿಗೆ ಓಡಿದಳು. "ಭಾವ. ಅದರಲ್ಲಿ ಚಿತ್ರ ಇದೆ."

"ಖಾಲಿ ಪೈಪು ಮುಳುಗಿಸಿ ನೋಡಿದರೆ ಅದೇನು ಪರೀಕ್ಷೆ? ಒಂದೂವರೆ ಗಂಟೆ ಆಯ್ತು. ಒಂದೇ ಒಂದು ಗುಳ್ಳೆ ಎದ್ದಿಲ್ಲ."

"ತೆಗೀರಿ. ಮುಚ್ಚಳ ಬಿಚ್ಚಿ ನೋಡ್ತೀನಿ."

"ಬಿಚ್ಚೋಕೆ ಆಗಲ್ಲ. ಗಮ್ ಹಾಕಿ ಕೂರಿಸಿದ್ದೀನಿ. ಕಾರ್ಖಾನೆ ಗಮ್ಮು, ಐವತ್ತು ವರ್ಷ ಗ್ಯಾರಂಟಿ."

"ಐವತ್ತು ವರ್ಷ ನನಗೆ ಬೇಡ ಭಾವ. ಶುಕ್ರವಾರ ಪ್ರದರ್ಶನ."

"ಅದಕ್ಕೇ ನಾನೂ ಬರ್ತಾ ಇದ್ದೀನಿ. ಅಲ್ಲಿ ಕೊಯ್ದು ತೆಗೆದುಕೊಡ್ತೀನಿ. ಬೇರೆಯವರ ಕೈಗೆ ಕೊಟ್ಟರೆ ಹಾಳು ಮಾಡ್ತಾರೆ."

ಪುಟ್ಟಿ ನೀರಿಗೆ ಹೆದರಿದ್ದಕ್ಕಿಂತ ಹೆಚ್ಚು ಈ ಮಾತಿಗೆ ಹೆದರಿದಳು. ಭಾವ ಪ್ರದರ್ಶನಕ್ಕೆ ಬರುವುದೆಂದರೆ ಹನ್ನೊಂದನೆಯ ಚಿತ್ರದ ಎದುರಿಗೆ ಭಾವನೇ ನಿಲ್ಲುವುದು. ನಿಂತ ಮೇಲೆ ಮಹಡಿಯ ಕೋಣೆ ಉಳಿಯುವುದು ಅನುಮಾನ. ಬೇಡ ಎನ್ನುವಂತಿಲ್ಲ, ಗರಗಸ ಅವರ ಕೈಯಲ್ಲಿದೆ. ಉಗುಳಲಾರದ ನುಂಗಲಾರದ ತುತ್ತು. ಅಕ್ಕನೂ ಸೀರೆ ಮಡಚತೊಡಗಿದಳು. "ಇವರನ್ನ ಒಬ್ಬರನ್ನೇ ಕಳಿಸಿದರೆ ರೈಲನ್ನೂ ರಿಜೆಕ್ಟ್ ಮಾಡಿ ನಡುದಾರೀಲಿ ಇಳಿದುಬಿಡ್ತಾರೆ ಕಣೇ," ಅಂದಳು.

ರೈಲಿನಲ್ಲಿ ಪೈಪನ್ನು ಕಿಟಕಿಯ ಪಕ್ಕ ನೆಟ್ಟಗೆ ನಿಲ್ಲಿಸಿ ಭಾವ ಅದಕ್ಕೆ ಆತು ಕೂತರು. ಇದೇನು ಎಂದು ಟಿಕೆಟ್ ನೋಡುವವನು ಕೇಳಿದ. ಪಾಪ, ತಿಳಿಯದೆ ಕೇಳಿದ. ಎರಡು ನಿಲ್ದಾಣ ಕಳೆಯುವವರೆಗೂ ಅವನಿಗೆ ಬಿಡುಗಡೆಯಾಗಲಿಲ್ಲ. ಆ ಡಬ್ಬಿಯ ಉಳಿದ ಅರ್ಧ ಜನ ಟಿಕೆಟ್ಟೇ ತೋರಿಸದೆ ಇಳಿದುಹೋದರು.

ಚಿತ್ರಶಾಲೆಯ ಮೇಲ್ವಿಚಾರಕಿ ಮೆಲು ಮಾತಿನ ಹೆಂಗಸು. ಬಿಳಿ ಗೋಡೆ, ಉಜ್ಜಿ ಹೊಳೆಯಿಸಿದ ನೆಲ. ಆ ನೆಲದ ನಟ್ಟನಡುವೆ ಭಾವ ಪಂಚೆ ಎತ್ತಿ ಕಟ್ಟಿ, ಪೈಪಿನ ಮೇಲೆ ಮಂಡಿಯೂರಿ, ಮುಚ್ಚಳದಿಂದ ಒಂದು ಗೇಣು ಕೆಳಗೆ ಪೆನ್ಸಿಲ್ ಗೆರೆ ಎಳೆದು ಗರಗಸ ಆಡಿಸತೊಡಗಿದರು. ಬಿಳಿ ಹುಡಿ ಉದುರಿತು. ಮೇಲ್ವಿಚಾರಕಿ ಸೆರಗಿನಿಂದ ಮೂಗು ಮುಚ್ಚಿಕೊಂಡು, "ನಾವು ಸಾಮಾನ್ಯವಾಗಿ ಮುಚ್ಚಳ ತೆಗೀತೀವಿ," ಅಂದಳು.

"ಸಾಮಾನ್ಯವಾದದ್ದನ್ನ ಸಾಮಾನ್ಯವಾಗಿ ತೆಗೀಬಹುದು," ಅಂದರು ಭಾವ.

ಬಿಳಿ ಹುಡಿಯ ಜೊತೆ ಕಪ್ಪು ಹುಡಿ ಬರುವುದು ಪುಟ್ಟಿಯ ಕಣ್ಣಿಗೆ ಬಿತ್ತು. ಒಂದಡಿ ಖಾಲಿ ಜಾಗ ಬಿಟ್ಟಿದ್ದರಲ್ಲ. ಪೈಪನ್ನು ಆಟೋದಲ್ಲಿ ತಲೆಕೆಳಗಾಗಿ ತಂದಾಗ ಸುರುಳಿ ಜಾರಿ, ಭಾವ ಗೆರೆ ಎಳೆದ ತುದಿಗೇ ಬಂದು ಕೂತಿತ್ತು.

"ನಿಲ್ಲಿಸಿ ಭಾವ," ಅಂದಳು.

"ಇನ್ನೊಂದು ಚೂರು."

ಅವಳು ಅವರ ಮಣಿಕಟ್ಟು ಹಿಡಿದಳು. ಹತ್ತೊಂಬತ್ತು ವರ್ಷ ಆ ಮನೆಯ ಅನ್ನ ಉಂಡವಳು ಮೊದಲ ಸಲ ಭಾವನ ಕೈ ಹಿಡಿದು ತಡೆದದ್ದು. ಗರಗಸವನ್ನು ಬಿಡಿಸಿಕೊಂಡು, ಇನ್ನೊಂದು ತುದಿಯನ್ನು ತಾನೇ ನಿಧಾನವಾಗಿ ಕೊಯ್ದಳು. ಸುರುಳಿಯನ್ನು ಹೊರಗೆಳೆದು ಬಿಚ್ಚಿದಾಗ ದರ್ಜಿಯ ನೆತ್ತಿ ಹುಬ್ಬಿನವರೆಗೂ ಹರಿದುಹೋಗಿತ್ತು. ತೆಳು ಕಾಗದ ಇದ್ದದ್ದಕ್ಕೆ ಉಳಿದವರು ಬಚಾವಾಗಿದ್ದರು.

ಭಾವ ಬಗ್ಗಿ ನೋಡಿದರು. "ಹದಿನಾಲ್ಕರಲ್ಲಿ ಒಂದು ಹೋಯ್ತು. ಇಷ್ಟಕ್ಕೆ ನಾವು ಇಡೀ ಲಾಟನ್ನೇ ಪಾಸ್ ಮಾಡ್ತಿದ್ವಿ."

"ನೀವು ಹೊರಗೆ ಕೂತ್ಕೊಳ್ಳಿ ಭಾವ," ಅಂದಳು ಪುಟ್ಟಿ. ದನಿ ಎತ್ತಲಿಲ್ಲ. "ನಾನು ಕರೆಯೋವರೆಗೂ ಒಳಗೆ ಬರಬೇಡಿ."

ಭಾವ ಹೆಂಡತಿಯ ಕಡೆ ನೋಡಿದರು. ಹೆಂಡತಿ ಚಾವಣಿಯ ಕಡೆ ನೋಡಿದಳು. ಅವರು ಹೊರಗಿನ ಬೆಂಚಿನ ಮೇಲೆ, ಅವಳು ಕೊಯ್ದ ಗೇಣುದ್ದದ ಪೈಪಿನ ತುಂಡನ್ನು ತೊಡೆಯ ಮೇಲಿಟ್ಟುಕೊಂಡು, ಶಾಲೆಯಲ್ಲಿ ಹೊರಗೆ ನಿಲ್ಲಿಸಿದ ಹುಡುಗನಂತೆ ಕೂತರು. ಪುಟ್ಟಿ ಸಿಟ್ಟಿನಲ್ಲೇ ಹದಿಮೂರು ಚಿತ್ರಗಳನ್ನು ತೂಗುಹಾಕಿದಳು. ಹನ್ನೊಂದನೆಯದನ್ನು ಕಂಬದ ಹಿಂದಿನ ಮೂಲೆಗೆ ಹಾಕಬೇಕೆಂದು ಊರಿನಿಂದಲೇ ಲೆಕ್ಕ ಹಾಕಿ ಬಂದಿದ್ದಳು. ಈಗ ಬಾಗಿಲಿಗೆ ನೇರ ಎದುರಿಗೆ ಹಾಕಿದಳು. ಕೋಣೆ ಹೋದರೆ ಹೋಗಲಿ.

ಸಂಜೆ ಜನ ಬಂದರು, ಜನದ ಜೊತೆ ಭಾವನೂ. ಚಿತ್ರ ನೋಡಿ ಅವರಿಗೆ ಆಶ್ಚರ್ಯ. "ಅರೆ, ಇವನು ನಮ್ಮ ಹಲ್ಲಿನ ಡಾಕ್ಟರಲ್ವಾ," ಎಂದು ನಕ್ಕರು. ತಮ್ಮನನ್ನು ಗುರುತಿಸಿ ಇನ್ನೂ ಜೋರಾಗಿ ನಕ್ಕರು. "ಥೇಟ್ ಅವನೇ. ಊರಿಗೆಲ್ಲ ಬುದ್ಧಿ ಹೇಳ್ತಾನೆ, ತನಗೆ ಇಲ್ಲ." ಹಾಗೇ ನಗುತ್ತಾ ಹನ್ನೊಂದನೆಯದರ ಎದುರು ಬಂದರು. ನಗು ನಿಂತಿತು.

ಪುಟ್ಟಿ ಎರಡು ಹೆಜ್ಜೆ ಹಿಂದೆ ನಿಂತಿದ್ದಳು. ಪಕ್ಕದಲ್ಲಿದ್ದ ಒಬ್ಬ ಮುದುಕ ಚಿತ್ರ ನೋಡಿದ, ಭಾವನನ್ನು ನೋಡಿದ, ಮತ್ತೆ ಚಿತ್ರ ನೋಡಿ ಸದ್ದಿಲ್ಲದೆ ಜಾಗ ಖಾಲಿ ಮಾಡಿದ.

"ಇವನನ್ನ ನಾನು ಬಲ್ಲೆ," ಅಂದರು ಭಾವ ಕೊನೆಗೆ. ದನಿ ತಗ್ಗಿತ್ತು.

"ಯಾರು ಭಾವ?"

"ನಮ್ಮ ಕಾರ್ಖಾನೆ ಮ್ಯಾನೇಜರು. ನೀನು ಅವನನ್ನ ಎಲ್ಲಿ ನೋಡಿದೆ? ಇದೇ ಬೆರಳು. ನಾನು ಬಡಿದು, ಅಳೆದು, ಪಾಸ್ ಮಾಡಿಟ್ಟ ಪೈಪನ್ನ ಈ ಬೆರಳು ತೋರಿಸಿ ರಿಜೆಕ್ಟ್ ಅಂತಿದ್ದ. ಹತ್ತಿರಕ್ಕೂ ಬರ್ತಿರಲಿಲ್ಲ. ಮೂವತ್ತೊಂದು ವರ್ಷ ಈ ಬೆರಳಿನ ಕೆಳಗೆ ಬದುಕಿದೆ ನಾನು." ಆ ಮಾತು ಹೇಳುವಾಗ ಅವರ ತೋರುಬೆರಳು ಚಿತ್ರದ ಕಡೆಗೆ ಎದ್ದಿತ್ತು. ಎದುರುಬದುರು ಎರಡು ಬೆರಳು, ಉಗುರು ಸಮೇತ ಒಂದೇ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರುಂಟು. ಈ ಮಹಾನುಭಾವ ಕುಂಬಳಕಾಯಿ ಹೊತ್ತುಕೊಂಡೇ ಕಳ್ಳನನ್ನು ಬೈಯುತ್ತಿದ್ದರು. ಪುಟ್ಟಿಗೆ ಸದ್ಯ ಬಚಾವಾದೆ ಅನ್ನಿಸಬೇಕಿತ್ತು. ಅನ್ನಿಸಿದ್ದು ಬೇರೆ. ಮೂರು ದಿನ ಕೆತ್ತಿದ ಉಗುರು ಗುರಿಯಿಟ್ಟ ಕಡೆ ನಾಟಲಿಲ್ಲವಲ್ಲ ಎಂದು ಹೊಟ್ಟೆ ಉರಿಯಿತು. ಅದರ ಹಿಂದೆಯೇ, ಮೂವತ್ತೊಂದು ವರ್ಷ ಒಬ್ಬ ಮನುಷ್ಯ ಹಾಗೆ ಬದುಕಿ ಮನೆಗೆ ಬಂದರೆ ಸಾರನ್ನಲ್ಲದೆ ಇನ್ನೇನನ್ನು ರಿಜೆಕ್ಟ್ ಮಾಡಿಯಾನು ಎಂಬ ಯೋಚನೆಯೂ ಬಂತು. ಅದು ಅವಳಿಗೆ ಇಷ್ಟವಾಗಲಿಲ್ಲ. ಪಾಪ ಅನ್ನಿಸಿದವರ ಮೇಲೆ ಸಿಟ್ಟು ಉಳಿಸಿಕೊಳ್ಳುವುದು ಕಷ್ಟದ ಕೆಲಸ.

ಅಕ್ಕ ಬಂದು ಪಕ್ಕದಲ್ಲಿ ನಿಂತಳು. ಅವಳಿಗೆ ಗುರುತು ಹತ್ತಲು ಅರೆಗಳಿಗೆ ಸಾಕಾಯಿತು. ಬಾಯಿಗೆ ಸೆರಗು ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಕಣ್ಣೊರೆಸಿಕೊಂಡು ತಂಗಿಯ ಕಿವಿಯಲ್ಲಿ, "ಇದರದು ಇನ್ನೊಂದು ಪ್ರತಿ ತೆಗೆದುಕೊಡೇ. ಅಡುಗೆಮನೆಗೆ ಬೇಕು," ಅಂದಳು.

"ಯಾಕಕ್ಕ, ಅಸಲಿ ಸಾಲದಾ?"

"ಇದಾದರೆ ಮಾತಾಡಲ್ಲ."

ಊರಿಗೆ ಮರಳಿದ ವಾರದಲ್ಲೇ ಪುಟ್ಟಿ ಪ್ರತಿ ತೆಗೆದುಕೊಟ್ಟಳು. ಅಕ್ಕ ಅದನ್ನು ಅಡುಗೆಮನೆಯಲ್ಲಿ ಊಟದ ಮೇಜಿನ ಎದುರು ಗೋಡೆಗೆ ಹಾಕಿದಳು. ಭಾವ ಮೊದಲ ದಿನ ಎರಡು ತುತ್ತು ತಿಂದು ತಟ್ಟೆ ಎತ್ತಿಕೊಂಡು ಎದ್ದರು.

"ಈ ಮನುಷ್ಯನ ಮುಖ ನೋಡ್ಕೊಂಡು ಅನ್ನ ಇಳಿಯಲ್ಲ ಕಣೇ ನನಗೆ," ಅಂದರು. "ಅದೇನು ಬೇಕು ಅಂತ ತಂದು ಹಾಕಿದ್ದೀಯೋ."

"ತಂಗಿ ಮಾಡಿದ್ದು, ತೆಗೆಯೋಕೆ ಮನಸ್ಸು ಬರಲ್ಲ ರೀ," ಅಂದಳು ಅಕ್ಕ.

ಅಂದಿನಿಂದ ಭಾವ ಹಜಾರದಲ್ಲಿ ಒಬ್ಬರೇ ಕೂತು ಉಣ್ಣುತ್ತಾರೆ. ಸಾರಿನ ಬಗ್ಗೆ ಏನಾದರೂ ಹೇಳಬೇಕಾದರೆ ಅಡುಗೆಮನೆಯವರೆಗೆ ಎದ್ದು ಬರಬೇಕು, ಬಂದರೆ ಮ್ಯಾನೇಜರು ಇರುತ್ತಾನೆ. ಹಾಗಾಗಿ ಹೇಳುವುದಿಲ್ಲ. ಅಕ್ಕತಂಗಿಯರು ಒಳಗೆ ಮೇಜಿನ ಎದುರು ನಿಧಾನವಾಗಿ, ಎರಡೆರಡು ಸಲ ಬಡಿಸಿಕೊಂಡು ಊಟ ಮಾಡುತ್ತಾರೆ.